ಕೈಲಿರುವ ಕುರಿಯನ್ನು ಹುಲಿ ತಿನ್ನದು: ಟೋಕನ್ ಡೆಕ್ ಆಡುವವರಿಗೆ ಒಂದು ಪಾಠ

ನವೆಂಬರ್ ಬಂತು ಅಂದರೆ ಸ್ವೀಡನ್ನಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು. ಲ್ಯಾಬ್ ಮುಗಿಸಿ, ಕಾರಿಡಾರಿನ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸಿಕೊಂಡು ತಿಂದಾದರೂ ಮಲಗುವ ಹೊತ್ತಿಗೆ ಇನ್ನೂ ಐದಾರು ಗಂಟೆ ಉಳಿದಿರತ್ತೆ. ಆ ಹೊತ್ತಿನಲ್ಲಿ ನಮ್ಮ ಬಳಗದ ಹಲವರು ಹಾರ್ತ್‌ಸ್ಟೋನ್ ಆಡುತ್ತಾರೆ. ಕಳೆದ ಚಳಿಗಾಲದಲ್ಲಿ ಮೂವರು ಜೂನಿಯರ್‌ಗಳು ಖರ್ಚು ಕಡಿಮೆ ಅಂತ ಟೋಕನ್ ಡೆಕ್ ಕಟ್ಟಿದರು. ಎರಡೇ ವಾರದಲ್ಲಿ ಮೂವರೂ ಬಿಟ್ಟರು. ಮೂವರದೂ ಒಂದೇ ದೂರು: "ಕಷ್ಟಪಟ್ಟು ಬೋರ್ಡ್ ತುಂಬಿಸ್ತೀನಿ, ಅವನು ಒಂದೇ ಕಾರ್ಡಲ್ಲಿ ಗುಡಿಸಿ ಹಾಕ್ತಾನೆ. ನಂಗೆ ಲಕ್ಕಿಲ್ಲ."

ಎರಡು ಚಳಿಗಾಲ ನಾನೂ ಇದನ್ನೇ ಹೇಳುತ್ತಿದ್ದೆ. ಆಮೇಲೆ ಸೋತ ಆಟಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಹೆಚ್ಚಿನ ಸೋಲುಗಳಿಗೂ ಲಕ್ಕಿಗೂ ಸಂಬಂಧವೇ ಇರಲಿಲ್ಲ. ಎದುರಾಳಿ ಗುಡಿಸುವ ಹಿಂದಿನ ಸರದಿಯಲ್ಲಿ ನಾನು ಬೇಕಾದ್ದಕ್ಕಿಂತ ಹೆಚ್ಚು ಕಾರ್ಡ್ ಇಳಿಸಿರುತ್ತಿದ್ದೆ, ಅಷ್ಟೇ. ಈ ಲೇಖನ ಆ ಒಂದು ತಪ್ಪಿನ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೊಟ್ಟಿರುವ ಕಾರ್ಡ್‌ಗಳೂ ಅಂಕಿಗಳೂ ಹಾರ್ತ್‌ಸ್ಟೋನ್‌ನ ಮೊದಲ ವರ್ಷಗಳವು. ಕಂಪನಿಯವರು ಆಗಾಗ ಅಂಕಿ ಬದಲಿಸುತ್ತಾರೆ, ಆದ್ದರಿಂದ ಡೆಕ್ ಕಟ್ಟುವ ಮುಂಚೆ ಇವತ್ತಿನ ಕಾರ್ಡ್ ನೋಡಿಕೊಳ್ಳಿ. ಯೋಚನೆ ಮಾಡುವ ಕ್ರಮ ಮಾತ್ರ ಬದಲಾಗುವುದಿಲ್ಲ.

1. ಟೋಕನ್ ಅಂದರೆ ಏನು?

ನಿಮ್ಮ ಡೆಕ್ಕಿನ 30 ಕಾರ್ಡ್‌ಗಳಲ್ಲಿ ಇಲ್ಲದೆ, ಬೇರೆ ಕಾರ್ಡಿನಿಂದ ಹುಟ್ಟಿಕೊಳ್ಳುವ ಮಿನಿಯನ್ನೇ ಟೋಕನ್. ಡ್ರೂಯಿಡ್ ಬಳಸುವ ಲಿವಿಂಗ್ ರೂಟ್ಸ್ 1 ಮಾನಾದ ಕಾರ್ಡ್. ಅದರಿಂದ ಒಂದೋ 2 ಏಟು ಕೊಡಬಹುದು, ಇಲ್ಲವೇ ಎರಡು 1/1 ಸಸಿಗಳನ್ನು ಇಳಿಸಬಹುದು (1/1 ಅಂದರೆ ಏಟು 1, ಪ್ರಾಣ 1). ವಯಲೆಟ್ ಟೀಚರ್ 4 ಮಾನಾದ 3/5 ಮಿನಿಯನ್. ಅವಳು ಬೋರ್ಡಿನಲ್ಲಿದ್ದಾಗ ನೀವು ಒಂದೊಂದು ಮಂತ್ರ ಹಾಕಿದಾಗಲೂ ಒಂದೊಂದು 1/1 ಶಿಷ್ಯ ಹುಟ್ಟುತ್ತಾನೆ. ಪ್ಯಾಲಡಿನ್‌ಗಂತೂ ಕಾರ್ಡೇ ಬೇಡ: 2 ಮಾನಾ ಕೊಟ್ಟು ಹೀರೋ ಪವರ್ ಒತ್ತಿದರೆ ಒಬ್ಬ 1/1 ಸೈನಿಕ ಬರುತ್ತಾನೆ.

ಒಂದು ಕಾರ್ಡ್ ಖರ್ಚಿಗೆ ಎರಡು ಮೂರು ಜೀವ ಬರುವುದು ಈ ಡೆಕ್ಕಿನ ಆಕರ್ಷಣೆ. ಇನ್ನೊಂದು ಆಕರ್ಷಣೆ ದುಡ್ಡಿನದು. ಒಂದು ಲೆಜೆಂಡರಿ ಕಾರ್ಡ್ ಮಾಡಿಕೊಳ್ಳಲು 1600 ಡಸ್ಟ್ ಬೇಕು, ಕಾಮನ್ ಕಾರ್ಡಿಗೆ 40 ಸಾಕು. ಅಂದರೆ ಎರಡು ಲೆಜೆಂಡರಿಯ ಬೆಲೆಗೆ 80 ಕಾಮನ್ ಕಾರ್ಡ್ ಬರುತ್ತವೆ. ಟೋಕನ್ ಡ್ರೂಯಿಡ್‌ನ ಬೆನ್ನೆಲುಬಾದ ಕಾರ್ಡ್‌ಗಳಲ್ಲಿ ಹೆಚ್ಚಿನವು ಕಾಮನ್, ಸ್ಯಾವೇಜ್ ರೋರ್ ಆ ದಿನಗಳಲ್ಲಿ ಬಿಟ್ಟಿಯಾಗಿಯೇ ಸಿಗುತ್ತಿತ್ತು. ತಿಂಗಳ ಕೊನೆಯಲ್ಲಿ ಕ್ರೋನಾ ಎಣಿಸುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಡೆಕ್.

2. ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ

1/1 ಟೋಕನ್ ತಾನಾಗಿ ಏನೂ ಅಲ್ಲ. ಅದಕ್ಕೆ ಬೆಲೆ ಬರುವುದು ಬಫ್‌ನಿಂದ, ಅಂದರೆ ಎಲ್ಲರ ಬಲವನ್ನೂ ಒಟ್ಟಿಗೆ ಹೆಚ್ಚಿಸುವ ಕಾರ್ಡಿನಿಂದ. ಪವರ್ ಆಫ್ ದ ವೈಲ್ಡ್ (2 ಮಾನಾ) ನಿಮ್ಮ ಎಲ್ಲ ಮಿನಿಯನ್‌ಗಳಿಗೂ +1/+1 ಕೊಡುತ್ತದೆ. ಸ್ಯಾವೇಜ್ ರೋರ್ (3 ಮಾನಾ) ಆ ಒಂದು ಸರದಿಗೆ ಎಲ್ಲರಿಗೂ 2 ಏಟು ಸೇರಿಸುತ್ತದೆ, ನಿಮ್ಮ ಹೀರೋಗೂ ಸೇರಿ.

ಬೋರ್ಡಿನಲ್ಲಿ ಎರಡೇ ಟೋಕನ್ ಇದ್ದಾಗ ರೋರ್ ಹಾಕಿದರೆ ಹೆಚ್ಚಿಗೆ ಸಿಗುವುದು 4, ಹೀರೋದು 2, ಒಟ್ಟು 6. ಆರು ಟೋಕನ್ ಇದ್ದರೆ ಅದೇ 3 ಮಾನಾಗೆ 14. ಬೋರ್ಡಿನ ಮಿತಿ 7 ಮಿನಿಯನ್. ಏಳು 1/1 ಟೋಕನ್ ನಿಂತಿವೆ, ಕೈಯಲ್ಲಿ ಪವರ್ ಆಫ್ ದ ವೈಲ್ಡ್, ರೋರ್ ಎರಡೂ ಇವೆ ಅಂದುಕೊಳ್ಳಿ. ಒಂದೊಂದರ ಏಟು 1+1+2=4. ಏಳು ನಾಲ್ಕಲ 28, ಹೀರೋದು 2, ಒಟ್ಟು 30. ಎದುರಾಳಿಯ ಪೂರ್ತಿ ಪ್ರಾಣ 30. ಐದೇ ಮಾನಾದಲ್ಲಿ ಆಟ ಮುಗಿಯಿತು!

ಹೊಸಬರು ಮರುಳಾಗುವುದು ಈ ಲೆಕ್ಕಕ್ಕೇ. "ಏಳು ತುಂಬಿಸಿದರೆ ಗೆದ್ದೆ" ಅಂತ ತಲೆಯಲ್ಲಿ ಕೂತುಬಿಡತ್ತೆ.

3. ಕಾಯಬೇಕಾದ ಒಂದು ಸರದಿ

ಆದರೆ ಇವತ್ತು ಇಳಿಸಿದ ಟೋಕನ್ ಇವತ್ತೇ ಹೊಡೆಯುವುದಿಲ್ಲ. ಮುಂದಿನ ಸರದಿಯವರೆಗೆ ಕಾಯಬೇಕು. ನಡುವೆ ಎದುರಾಳಿಗೆ ಒಂದು ಪೂರ್ತಿ ಸರದಿ ಸಿಗುತ್ತದೆ. ಟೋಕನ್ ಡೆಕ್ ಕೊಡುವ ನಿಜವಾದ ಬೆಲೆ ಇದು. ಟೋಕನ್ ಸಣ್ಣದು ಅನ್ನುವುದು ಅಷ್ಟು ದೊಡ್ಡ ದೌರ್ಬಲ್ಯವಲ್ಲ, ಕಾಯಬೇಕು ಅನ್ನುವುದೇ ದೌರ್ಬಲ್ಯ.

ಆಟದ ಇತಿಹಾಸ ನೋಡಿದರೆ ಇದು ಇನ್ನೂ ಸ್ಪಷ್ಟವಾಗತ್ತೆ. ಮೊದಲು ಫೋರ್ಸ್ ಆಫ್ ನೇಚರ್ ಎಂಬ 6 ಮಾನಾದ ಕಾರ್ಡ್ ಮೂರು 2/2 ಮರಗಳನ್ನು ಇಳಿಸುತ್ತಿತ್ತು, ಅವಕ್ಕೆ ಬಂದ ಕೂಡಲೇ ಹೊಡೆಯುವ ಚಾರ್ಜ್ ಶಕ್ತಿ ಇತ್ತು. ಜೊತೆಗೆ ರೋರ್ ಹಾಕಿದರೆ 9 ಮಾನಾಗೆ, ಖಾಲಿ ಬೋರ್ಡಿನಿಂದ, 14 ಏಟು. 2016ರಲ್ಲಿ ಆ ಕಾರ್ಡಿನ ಮಾನಾ 5ಕ್ಕೆ ಇಳಿಸಿ ಚಾರ್ಜ್ ತೆಗೆದುಹಾಕಿದರು. ಅದಕ್ಕೂ ಮುಂಚೆ, 2015ರ ಅಕ್ಟೋಬರಿನಲ್ಲಿ, ವಾರಿಯರ್‌ನ ವಾರ್‌ಸಾಂಗ್ ಕಮಾಂಡರ್ ಕಾರ್ಡಿಗೂ ಇದೇ ಗತಿ ಆಗಿತ್ತು. ಗ್ರಿಮ್ ಪೇಟ್ರನ್ ಎಂಬ 3/3 ಮಿನಿಯನ್ ಏಟು ತಿಂದು ಬದುಕಿದಾಗಲೆಲ್ಲ ತನ್ನಂಥದೇ ಇನ್ನೊಂದನ್ನು ಹುಟ್ಟಿಸುತ್ತದೆ. ಕಮಾಂಡರ್ ಅವಕ್ಕೆಲ್ಲ ಚಾರ್ಜ್ ಕೊಡುತ್ತಿದ್ದಳು. ಹುಟ್ಟಿದ್ದು ಹುಟ್ಟಿದ ಹಾಗೆಯೇ ಹೊಡೆಯುತ್ತಿತ್ತು. ಎರಡೂ ಕಡೆ ಕಿತ್ತುಕೊಂಡದ್ದು ಒಂದೇ ಸವಲತ್ತು: ಕಾಯದೆ ಹೊಡೆಯುವುದು. ಗುಂಪು ಕಟ್ಟಬಹುದು, ಆದರೆ ಎದುರಾಳಿಗೆ ಉತ್ತರ ಕೊಡಲು ಒಂದು ಸರದಿ ಬಿಡಬೇಕು ಅನ್ನುವುದು ಈಗ ಈ ಆಟದ ಒಪ್ಪಂದ ಅಂತ ನಾನು ಓದಿಕೊಂಡಿದ್ದೇನೆ.

ಅಂದಹಾಗೆ, ಆ ಬದಲಾವಣೆಯಾದ ಮರುತಿಂಗಳೇ, 2015ರ ನವೆಂಬರಿನಲ್ಲಿ, ಹಾರ್ತ್‌ಸ್ಟೋನ್ ವಿಶ್ವ ಚಾಂಪಿಯನ್ ಆದವನು ನಾವಿರುವ ಈ ದೇಶದವನೇ. ಹೆಸರು ಸೆಬಾಸ್ಟಿಯನ್ ಎಂಗ್‌ವಾಲ್, ಆಟದಲ್ಲಿ 'ಊಸ್ಟ್‌ಕಾಕಾ'. ಫೈನಲ್ಲಿನಲ್ಲಿ 3-0 ಗೆದ್ದು ಒಂದು ಲಕ್ಷ ಡಾಲರ್ ಬಹುಮಾನ ಪಡೆದ. ಊಸ್ಟ್‌ಕಾಕಾ ಅಂದರೆ ಸ್ಮೋಲಾಂಡ್ ಕಡೆಯ ಹಾಲು ಒಡೆಸಿ ಮಾಡುವ ಸಿಹಿ, ನಮ್ಮ ಗಿಣ್ಣಿನ ದೂರದ ನೆಂಟ. ಅದೇ ಸ್ಮೋಲಾಂಡಿನ ಯೋನ್‌ಶೋಪಿಂಗ್ ಊರಿನ ಎಲ್ಮಿಯಾದಲ್ಲಿ ಹಿಂದೆ ಡ್ರೀಮ್‌ಹ್ಯಾಕ್ ಜಾತ್ರೆ ನಡೆಯುತ್ತಿತ್ತು. ಜನ ತಮ್ಮ ಕಂಪ್ಯೂಟರ್ ಹೊತ್ತುಕೊಂಡು ಹೋಗಿ, ಮಲಗುವ ಚೀಲ ಹಾಸಿಕೊಂಡು, ರಾತ್ರಿಯಿಡೀ ಆಡುತ್ತಿದ್ದರು.

4. ಗುಡಿಸುವ ಕಾರ್ಡ್‌ಗಳ ಪಂಚಾಂಗ

ಎದುರಾಳಿಯ ಆ ಒಂದು ಸರದಿಯಲ್ಲಿ ಏನಾಗಬಹುದು? ಅವನ ಕೈ ನಮಗೆ ಕಾಣುವುದಿಲ್ಲ, ಆದರೆ ಅವನ ಕ್ಲಾಸ್ ಕಾಣುತ್ತದೆ, ಮಾನಾ ಕಾಣುತ್ತದೆ. ಯಾವ ಕ್ಲಾಸಿಗೆ ಎಷ್ಟನೇ ಮಾನಾದಲ್ಲಿ ಗಂಡಾಂತರ ಅಂತ ಪಂಚಾಂಗದ ಹಾಗೆ ಬಾಯಿಪಾಠ ಇರಬೇಕು. ಹಳೆಯ ಕಾರ್ಡ್‌ಗಳಲ್ಲಿ ಹೀಗಿತ್ತು:

ಶಾಮನ್, 3 ಮಾನಾ: ಲೈಟ್ನಿಂಗ್ ಸ್ಟಾರ್ಮ್, ನಮ್ಮ ಎಲ್ಲ ಮಿನಿಯನ್‌ಗಳಿಗೂ 2 ಅಥವಾ 3 ಏಟು.
ಪ್ಯಾಲಡಿನ್, 4 ಮಾನಾ: ಕಾನ್ಸಿಕ್ರೇಶನ್, ಎಲ್ಲರಿಗೂ 2 ಏಟು.
ವಾರ್ಲಾಕ್, 4 ಮಾನಾ: ಹೆಲ್‌ಫೈರ್, ಅವನೂ ಸೇರಿ ಎಲ್ಲರಿಗೂ 3 ಏಟು.
ವಾರಿಯರ್, 5 ಮಾನಾ: ಬ್ರಾಲ್, ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸಾಯುತ್ತಾರೆ.
ಮೇಜ್, 7 ಮಾನಾ: ಫ್ಲೇಮ್‌ಸ್ಟ್ರೈಕ್, ಎಲ್ಲರಿಗೂ 4 ಏಟು.

ಪಟ್ಟಿ ನೋಡಿದಾಗ ಒಂದು ವಿಷಯ ಹೊಳೆಯುತ್ತದೆ. ಪ್ಯಾಲಡಿನ್ ಎದುರು 1/1 ಟೋಕನ್‌ಗಳನ್ನು ಪವರ್ ಆಫ್ ದ ವೈಲ್ಡ್‌ನಿಂದ 2/2 ಮಾಡಿದರೆ ರಕ್ಷಣೆ ಸಿಕ್ಕಿತು ಅನ್ನಿಸತ್ತೆ. ಸಿಗುವುದಿಲ್ಲ. ಕಾನ್ಸಿಕ್ರೇಶನ್ ಕೊಡುವುದು 2 ಏಟು, 2/2 ಕೂಡ ಸಾಯುತ್ತದೆ, ಜೊತೆಗೆ ನಿಮ್ಮ ಬಫ್ ಕೂಡ ಹೋಯಿತು. ಅರ್ಧ ರಕ್ಷಣೆ ರಕ್ಷಣೆಯೇ ಅಲ್ಲ.

ಕಾರ್ಡ್ ಅವನ ಕೈಯಲ್ಲಿರುವ ಸಾಧ್ಯತೆ ಎಷ್ಟು? ಅವನ 30 ಕಾರ್ಡ್‌ಗಳಲ್ಲಿ ಒಂದೇ ಬಗೆಯವು ಎರಡು ಇರಬಹುದು. ಮೊದಲು ಆಡುವವನು ತನ್ನ ನಾಲ್ಕನೇ ಸರದಿಯ ಹೊತ್ತಿಗೆ 7 ಕಾರ್ಡ್ ನೋಡಿರುತ್ತಾನೆ. ಎರಡರಲ್ಲಿ ಒಂದಾದರೂ ಅವನಿಗೆ ಬಂದಿರುವ ಸಾಧ್ಯತೆ ಸುಮಾರು 42%. ಎರಡನೆಯವನಾಗಿ ಆಡುತ್ತಿದ್ದರೆ 47%. ಏಳನೇ ಸರದಿಯ ಫ್ಲೇಮ್‌ಸ್ಟ್ರೈಕ್‌ಗೆ ಇದೇ ಲೆಕ್ಕ 56% ಮತ್ತು 61%. ಶುರುವಿನಲ್ಲಿ ಕಾರ್ಡ್ ಬದಲಿಸಿಕೊಳ್ಳುವುದನ್ನು ಇಲ್ಲಿ ಸೇರಿಸಿಲ್ಲ. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಇಷ್ಟು ದೊಡ್ಡ ಸಾಧ್ಯತೆಯನ್ನು "ಬ್ಯಾಡ್ ಲಕ್" ಅಂತ ಕರೆಯುವ ಹಾಗಿಲ್ಲ ಅಲ್ವಾ?

ಇನ್ನೊಂದು ಸುಳಿವು. ಆಟದ ಶುರುವಿನಲ್ಲಿ ಅವನು ಬದಲಿಸದೆ ಇಟ್ಟುಕೊಂಡ ಕಾರ್ಡ್ ಯಾವುದು ಅಂತ ನೋಡಿಟ್ಟುಕೊಳ್ಳಿ. ನಿಮ್ಮ ಟೋಕನ್‌ಗಳು ಹೆಚ್ಚುತ್ತಿದ್ದರೂ ಅವನು ಸುಮ್ಮನೆ ಹೀರೋ ಪವರ್ ಒತ್ತಿ ಸರದಿ ಬಿಡುತ್ತಿದ್ದರೆ, ಆ ಹಳೇ ಕಾರ್ಡ್ ಅಲುಗಾಡದೆ ಕೂತಿದ್ದರೆ, ಅವನು ಮಾನಾಗೆ ಕಾಯುತ್ತಿದ್ದಾನೆ ಅಂತಲೇ ತಿಳಿಯಿರಿ.

5. ಆಡು-ಹುಲಿ ಆಟದಿಂದ ಕಲಿಯುವುದು

ಅಜ್ಜಿಮನೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡು-ಹುಲಿ ಆಡಿದವರು ನಮ್ಮಲ್ಲಿ ಇದ್ದೇ ಇರುತ್ತೀರಿ. ಮೂರು ಹುಲಿ, ಹದಿನೈದು ಕುರಿ. ಕುರಿ ಹುಲಿಯನ್ನು ಕೊಲ್ಲುವುದಿಲ್ಲ, ಸುತ್ತುವರಿದು ಅಲುಗಾಡದ ಹಾಗೆ ಮಾಡುತ್ತದೆ. ಹುಲಿ ಕುರಿಯ ಮೇಲಿಂದ ಹಾರಿ ಖಾಲಿ ಜಾಗಕ್ಕೆ ಹೋದರೆ ಆ ಕುರಿ ಸತ್ತ ಹಾಗೆ. ಕುರಿಗಳನ್ನು ಒಂದೊಂದಾಗಿ ಕೈಯಿಂದ ಇಡುತ್ತಾ ಹೋಗಬೇಕು.

ಚೆನ್ನಾಗಿ ಆಡುವ ಅಜ್ಜಂದಿರು ಕುರಿಯನ್ನು ಎಲ್ಲಿ ಇಡುತ್ತಿದ್ದರು ನೆನಪಿಸಿಕೊಳ್ಳಿ. ಹುಲಿಯ ಪಕ್ಕ, ಹಿಂದೆ ಖಾಲಿ ಇರುವ ಜಾಗದಲ್ಲಿ ಎಂದೂ ಇಡುತ್ತಿರಲಿಲ್ಲ. ಮೊದಲು ಅಂಚಿನಲ್ಲಿ, ಆಮೇಲೆ ಒಂದರ ಬೆನ್ನಿಗೆ ಇನ್ನೊಂದು. ಬೋರ್ಡಿನಲ್ಲಿರುವ ಕುರಿಗೆ ಅಪಾಯ ಇದೆ, ಕೈಲಿರುವ ಕುರಿಯನ್ನು ಹುಲಿ ತಿನ್ನಲಾರದು.

ಟೋಕನ್ ಡೆಕ್‌ಗೂ ಇದೇ ನಿಯಮ. ಪ್ರತಿ ಸರದಿಯಲ್ಲೂ ಕ್ರಮವಾಗಿ ಮೂರು ಪ್ರಶ್ನೆ ಕೇಳಿಕೊಳ್ಳಿ:

ಒಂದು: ಈ ಸರದಿಯಲ್ಲೇ ಮುಗಿಸಬಹುದೇ? ಮುಗಿಸಬಹುದಾದರೆ ಬೇರೆ ಯೋಚನೆಯೇ ಬೇಡ.
ಎರಡು: ಈಗ ಬೋರ್ಡಿನಲ್ಲಿರುವುದು ಹೀಗೇ ಉಳಿದರೆ, ಕೈಯಲ್ಲಿರುವ ಬಫ್ ಸೇರಿಸಿ ಮುಂದಿನ ಸರದಿಯಲ್ಲಿ ಮುಗಿಯುತ್ತದೆಯೇ? ಮುಗಿಯುತ್ತದೆ ಅಂದರೆ ಇನ್ನೊಂದು ಟೋಕನ್ ಕೂಡ ಇಳಿಸಬೇಡಿ. ಅದು ಗೆಲುವನ್ನು ಬೇಗ ತರುವುದಿಲ್ಲ, ಸೋಲನ್ನು ದೊಡ್ಡದು ಮಾಡುತ್ತದೆ ಅಷ್ಟೇ.
ಮೂರು: ಅವನು ಗುಡಿಸಿದರೆ, ಗುಡಿಸಿದ ಮರುಸರದಿ ನನ್ನ ಹತ್ತಿರ ಏನಿರುತ್ತದೆ? "ಏನೂ ಇಲ್ಲ" ಅನ್ನುವುದು ಉತ್ತರವಾದರೆ ನೀವು ಒಂದು ಕಾರ್ಡ್ ಹೆಚ್ಚು ಇಳಿಸುತ್ತಿದ್ದೀರಿ.

ಹಾಗಂತ ಹೆದರಿ ಎರಡೇ ಟೋಕನ್ ಇಟ್ಟುಕೊಂಡು ಕೂತರೂ ಆಗದು. ಅವನಿಗೆ ಆಗ ಗುಡಿಸುವ ಅಗತ್ಯವೇ ಬೀಳುವುದಿಲ್ಲ, ನಿಧಾನಕ್ಕೆ ದೊಡ್ಡ ಮಿನಿಯನ್‌ಗಳನ್ನು ಇಳಿಸಿ ಗೆಲ್ಲುತ್ತಾನೆ. ಅವನು ಉತ್ತರಿಸಲೇಬೇಕು ಅನ್ನುವಷ್ಟು ಇಳಿಸಿ, ಅದಕ್ಕಿಂತ ಹೆಚ್ಚು ಬೇಡ.

ಸ್ಟಾಕ್‌ಹೋಮಿನ ಮೊಯಾಂಗ್ ಕಂಪನಿ, ಮೈನ್‌ಕ್ರಾಫ್ಟ್ ಮಾಡಿದವರು, ಸ್ಕ್ರೋಲ್ಸ್ ಎಂಬ ಡಿಜಿಟಲ್ ಕಾರ್ಡ್ ಆಟವನ್ನೂ ಮಾಡಿದ್ದರು. 2014ರ ಡಿಸೆಂಬರಿನಲ್ಲಿ ಪೂರ್ಣ ರೂಪದಲ್ಲಿ ಬಂತು. 2018ರಲ್ಲಿ ಅವರ ಸರ್ವರ್ ನಿಂತು, ಆಟ ಕಾಲರ್ಸ್ ಬೇನ್ ಎಂಬ ಹೆಸರಿನಲ್ಲಿ ಉಚಿತವಾಯಿತು. ಅದರಲ್ಲಿ ಐದು ಸಾಲುಗಳಿವೆ, ಪ್ರತಿ ಸಾಲಿನ ತುದಿಯಲ್ಲೂ 10 ಪ್ರಾಣದ ಒಂದು ವಿಗ್ರಹ. ಗೆಲ್ಲಲು ಐದರಲ್ಲಿ ಮೂರು ಒಡೆದರೆ ಸಾಕು. ಹೊಸಬರು ಐದೂ ಸಾಲಿಗೆ ಸೈನ್ಯ ಹಂಚಿ ಎಲ್ಲೆಡೆ ತೆಳ್ಳಗಾಗುತ್ತಿದ್ದರು. ಆ ಆಟದಲ್ಲಿ ಕೈಯಲ್ಲಿರುವ ಕಾರ್ಡನ್ನೇ ಬಲಿಕೊಟ್ಟು ಸಂಪನ್ಮೂಲ ಬೆಳೆಸಿಕೊಳ್ಳಬೇಕು, ಇಲ್ಲವೇ ಎರಡು ಹೊಸ ಕಾರ್ಡ್ ತೆಗೆದುಕೊಳ್ಳಬೇಕು. ಹಾಗಾಗಿ ಯಾವುದು ಈಗ ಬೇಡ ಅಂತ ಪ್ರತಿ ಸರದಿಯೂ ಯೋಚಿಸಲೇಬೇಕಾಗಿತ್ತು. ಹಾರ್ತ್‌ಸ್ಟೋನ್‌ನಲ್ಲಿ ಆ ಒತ್ತಾಯ ಇಲ್ಲ. ನಾವೇ ಅಭ್ಯಾಸ ಮಾಡಿಕೊಳ್ಳಬೇಕು.

6. ಮೊದಲ ಕೈ ಮತ್ತು ಆಡುವ ಕ್ರಮ

ಶುರುವಿನಲ್ಲಿ ಬಂದ ಕಾರ್ಡ್‌ಗಳಲ್ಲಿ ಟೋಕನ್ ಹುಟ್ಟಿಸುವ ಅಗ್ಗದ ಕಾರ್ಡ್ ಇಟ್ಟುಕೊಳ್ಳಿ, ಬಫ್ ವಾಪಸ್ ಕೊಡಿ. ರೋರ್ ಎಷ್ಟೇ ಚಂದ ಕಂಡರೂ ಮೂರನೇ ಸರದಿಯಲ್ಲಿ ಅದರಿಂದ ಪ್ರಯೋಜನ ಇಲ್ಲ. ಡೆಕ್ಕಿನಲ್ಲಿ ಅಂಥ ಅಗ್ಗದ ಕಾರ್ಡ್ 10 ಇದ್ದರೆ, ಮೊದಲ ಮೂರರಲ್ಲಿ ಒಂದಾದರೂ ಬರುವ ಸಾಧ್ಯತೆ 72%. ಬರದಿದ್ದಾಗ ಮೂರನ್ನೂ ಬದಲಿಸಿದರೆ ಒಟ್ಟು ಸಾಧ್ಯತೆ 93%ಕ್ಕೆ ಏರುತ್ತದೆ. ಹಾಗಾಗಿ 10ಕ್ಕಿಂತ ಕಡಿಮೆ ಇಡಬೇಡಿ.

ವಯಲೆಟ್ ಟೀಚರ್‌ಳನ್ನು ನಾಲ್ಕನೇ ಸರದಿಯಲ್ಲಿ ಒಂಟಿಯಾಗಿ ಇಳಿಸುವುದು ದುಡುಕು. ಏಳು ಮಾನಾ ಇದ್ದಾಗ ಟೀಚರ್, ಆಮೇಲೆ ಲಿವಿಂಗ್ ರೂಟ್ಸ್, ಕೊನೆಗೆ ಪವರ್ ಆಫ್ ದ ವೈಲ್ಡ್ ಹಾಕಿ. ಮಂತ್ರದ ಫಲ ಆಗುವ ಮುಂಚೆಯೇ ಶಿಷ್ಯ ಬಂದು ನಿಲ್ಲುವುದರಿಂದ ಕೊನೆಯವನಿಗೂ ಬಫ್ ಸಿಗುತ್ತದೆ. ಒಂದು 4/6, ನಾಲ್ಕು 2/2 ಬೋರ್ಡಿನಲ್ಲಿರುತ್ತವೆ. ಬಫ್ ಮೊದಲು ಹಾಕಿಬಿಟ್ಟರೆ ಆಮೇಲೆ ಬಂದವರೆಲ್ಲ 1/1 ಆಗಿಯೇ ಉಳಿಯುತ್ತಾರೆ.

ಶುರುವಿನ ಸರದಿಗಳಲ್ಲಿ ಎದುರಾಳಿಯ ಸಣ್ಣ ಮಿನಿಯನ್‌ಗಳನ್ನು ಕೊಲ್ಲುವುದೇ ಒಳ್ಳೆಯದು. ಅವನ ಒಂದು ಮಿನಿಯನ್ ಬದುಕಿದರೆ ಪ್ರತಿ ಸರದಿಗೆ ನಮ್ಮ ಒಂದು ಟೋಕನ್ ಹೋಗುತ್ತಿರುತ್ತದೆ. ಬಫ್ ಎರಡೂ ಕೈಗೆ ಬಂದಮೇಲೆ ಮುಖಕ್ಕೆ ಹೊಡೆಯಲು ಶುರು ಮಾಡಿ. ಲೆಕ್ಕವನ್ನು ಎದುರಾಳಿಯ ಸರದಿಯಲ್ಲೇ ಮಾಡಿಟ್ಟುಕೊಳ್ಳಿ. ನಮಗೆ ಸಿಗುವುದು 75 ಸೆಕೆಂಡು, ಹಗ್ಗ ಉರಿಯಲು ಶುರುವಾದ ಮೇಲೆ ಮಗ್ಗಿ ನೆನಪಾಗುವುದಿಲ್ಲ.

7. ಒಂದು ಲೆಕ್ಕ ಬಿಡಿಸೋಣ

ನಿಮಗೆ 6 ಮಾನಾ. ಹೋದ ಸರದಿಯಿಂದಲೇ ನಿಂತಿರುವ ನಾಲ್ಕು 1/1 ಟೋಕನ್. ಕೈಯಲ್ಲಿ ಲಿವಿಂಗ್ ರೂಟ್ಸ್ (1), ಪವರ್ ಆಫ್ ದ ವೈಲ್ಡ್ (2), ಸ್ಯಾವೇಜ್ ರೋರ್ (3), ಸೋಲ್ ಆಫ್ ದ ಫಾರೆಸ್ಟ್ (4). ಈ ಕೊನೆಯದು, ಆಗ ಬೋರ್ಡಿನಲ್ಲಿರುವ ಪ್ರತಿ ಮಿನಿಯನ್ನೂ ಸತ್ತಾಗ ಅದರ ಜಾಗದಲ್ಲಿ ಒಂದು 2/2 ಮರ ಬರುವಂತೆ ಮಾಡುತ್ತದೆ. ಎದುರಾಳಿ ಮೇಜ್, ಬೋರ್ಡ್ ಖಾಲಿ, ಮುಂದಿನ ಸರದಿಗೆ ಅವನಿಗೆ 7 ಮಾನಾ. ಅವನ ಪ್ರಾಣ 20. ಏನು ಮಾಡುತ್ತೀರಿ? ಮುಂದೆ ಓದುವ ಮುಂಚೆ ಒಂದು ನಿಮಿಷ ಯೋಚಿಸಿ.

ಪಂಚಾಂಗ ಓದಿಕೊಂಡವರು ಫ್ಲೇಮ್‌ಸ್ಟ್ರೈಕ್‌ಗೆ ಹೆದರಿ ಸೋಲ್ ಹಾಕುತ್ತಾರೆ. ತಪ್ಪು! ಮೊದಲನೇ ಪ್ರಶ್ನೆ ಕೇಳಲೇ ಇಲ್ಲ. ಪವರ್, ರೋರ್ ಹಾಕಿದರೆ ನಾಲ್ಕು ಟೋಕನ್‌ಗಳಿಂದ 16, ಹೀರೋದಿಂದ 2. ಉಳಿದ ಒಂದು ಮಾನಾಗೆ ಲಿವಿಂಗ್ ರೂಟ್ಸ್‌ನಲ್ಲಿ ಸಸಿಗಳ ಬದಲು 2 ಏಟು ಆರಿಸಿ. ಒಟ್ಟು 20. ಈಗಲೇ ಮುಗಿಯಿತು.

ಈಗ ಅವನ ಪ್ರಾಣ 24 ಅಂದುಕೊಳ್ಳಿ. ಎಲ್ಲ ಹಾಕಿದರೂ 20, ಅವನಲ್ಲಿ 4 ಉಳಿಯುತ್ತದೆ. "ನಾಲ್ಕೇ ತಾನೆ" ಅಂತ ಹೊಡೆದುಬಿಟ್ಟರೆ, ಅವನು ಫ್ಲೇಮ್‌ಸ್ಟ್ರೈಕ್ ಹಾಕಿದ ಮೇಲೆ ನಿಮ್ಮ ಬೋರ್ಡ್ ಖಾಲಿ, ಕೈಯಲ್ಲಿ ಸೋಲ್ ಒಂದೇ. ಖಾಲಿ ಬೋರ್ಡಿನ ಮೇಲೆ ಸೋಲ್ ಹಾಕಿ ಏನು ಮಾಡೋದು?

ಬದಲಿಗೆ ನಾಲ್ಕು ಟೋಕನ್‌ಗಳಿಂದ ಬರೀ 4 ಹೊಡೆಯಿರಿ, ಅವನು 20ಕ್ಕೆ ಬರುತ್ತಾನೆ. ಲಿವಿಂಗ್ ರೂಟ್ಸ್‌ನಿಂದ ಎರಡು ಸಸಿ ಇಳಿಸಿ, ಆಮೇಲೆ ಸೋಲ್ ಹಾಕಿ. ಖರ್ಚು 5 ಮಾನಾ, ಬೋರ್ಡಿನಲ್ಲಿ ಆರು. ಅವನು ಗುಡಿಸದಿದ್ದರೆ ಮುಂದಿನ ಸರದಿ ರೋರ್ ಒಂದರಿಂದಲೇ ಆರು ಮೂರಲ 18, ಹೀರೋ 2, ಸರಿಯಾಗಿ 20. ಗುಡಿಸಿದರೆ ಆರು 2/2 ಮರಗಳು ನಿಂತಿರುತ್ತವೆ. ಅವನ ಸರದಿಯಲ್ಲಿ ಬಂದವಾದ್ದರಿಂದ ನಮ್ಮ ಸರದಿಯಲ್ಲಿ ಹೊಡೆಯುತ್ತವೆ: ಆರು ನಾಲ್ಕಲ 24, ಹೀರೋ 2, ಒಟ್ಟು 26. ಗುಡಿಸಿದರೆ ಅವನಿಗೇ ನಷ್ಟ. ಎರಡೂ ದಾರಿಯಲ್ಲಿ ಪವರ್ ಆಫ್ ದ ವೈಲ್ಡ್ ಇನ್ನೂ ನಿಮ್ಮ ಕೈಯಲ್ಲೇ ಇದೆ. ಅವನು ಫ್ರಾಸ್ಟ್ ನೋವಾ ಹಾಕಿ ಎಲ್ಲರನ್ನೂ ಹೆಪ್ಪುಗಟ್ಟಿಸಿದರೆ ಒಂದು ಸರದಿ ತಡವಾಗಬಹುದು, ಆದರೆ ಬೋರ್ಡೂ ಕೈಯೂ ಉಳಿದಿರುತ್ತವೆ.

8. ಕೊನೆಗೆ ಒಂದು ಅಭ್ಯಾಸ

ಮುಂದಿನ 20 ಆಟಗಳಲ್ಲಿ ಸೋತಾಗಲೆಲ್ಲ ಒಂದೇ ಒಂದು ಸಾಲು ಬರೆದಿಡಿ: ಗುಡಿಸುವ ಹಿಂದಿನ ಸರದಿಯಲ್ಲಿ ಬೋರ್ಡಿನಲ್ಲಿ ಎಷ್ಟಿತ್ತು, ಕೈಯಲ್ಲಿ ಎಷ್ಟಿತ್ತು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಬೋರ್ಡ್ 7, ಕೈ 0" ಅಂತ ಒಂದರ ಕೆಳಗೊಂದು ಸಾಲಾಗಿ ಬರೆದಿತ್ತು. ನೋಡಿ ನಾಚಿಕೆಯಾಯಿತು, ಆಟ ಸುಧಾರಿಸಿದ್ದೂ ಅಲ್ಲಿಂದಲೇ. ಈಗಲೂ ಸೋಲುತ್ತೇನೆ, ಆದರೆ ಈಗಿನ ಸಾಲುಗಳು "ಬೋರ್ಡ್ 4, ಕೈ 3" ಅಂತಿರುತ್ತವೆ. ಆ ಸೋಲುಗಳಲ್ಲಿ ಕೆಲವು ನಿಜವಾಗಿಯೂ ಲಕ್ಕಿನವು.

ಇನ್ನೊಂದು ಮಾತು, ಸತತ ಮೂರು ಆಟ ಸೋತರೆ ಲ್ಯಾಪ್‌ಟಾಪ್ ಮುಚ್ಚಿ. ಸಿಟ್ಟಿನಲ್ಲಿ ಇರುವಾಗ ಎಲ್ಲರೂ ಕೈ ಖಾಲಿ ಮಾಡುತ್ತಾರೆ. ಆ ಮೂವರು ಜೂನಿಯರ್‌ಗಳಿಗೂ ಹೇಳುವುದು ಇಷ್ಟೇ: ಡೆಕ್ ಅಳಿಸಿಲ್ಲ ತಾನೆ? ಮುಂದಿನ ಫಿಕಾಗೆ ಲ್ಯಾಪ್‌ಟಾಪ್ ತನ್ನಿ, ಕಾಫಿ ಜೊತೆ ಕೋಡುಬಳೆ ನಾನು ತರುತ್ತೇನೆ. ಆಡು-ಹುಲಿ ಗೆರೆ ಹಾಕಲು ಒಂದು ಸೀಮೆಸುಣ್ಣವೂ ಇರಲಿ.